ದರ ಹೇಳುವ ಮುನ್ನ ಏಜೆಂಟ್ ನಿಮ್ಮನ್ನು ಏನು ಕೇಳಿದರು?

ಪ್ರಶ್ನೆ: ನಾನು, ನನ್ನ ಪತಿ, ಒಂಬತ್ತು ವರ್ಷದ ಮಗಳು, ಎರಡೂವರೆ ವರ್ಷದ ಮಗ, ಜೊತೆಗೆ ಅತ್ತೆ, ಮಾವ, ಹೀಗೆ ಆರು ಜನ ಮೊದಲ ಬಾರಿಗೆ ಕ್ರೂಸ್ ಹೋಗಬೇಕೆಂದಿದ್ದೇವೆ. ಏಳು ರಾತ್ರಿಗಳ ಪ್ರಯಾಣ. ಪತಿಗೆ ಪರಿಚಯವಿರುವ ಟ್ರಾವೆಲ್ ಏಜೆಂಟ್ ಒಬ್ಬರು ಒಂದು ಪುಟದ ದರಪಟ್ಟಿ ಕಳಿಸಿದ್ದಾರೆ, ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. ಎರಡು ಬಾಲ್ಕನಿ ಕ್ಯಾಬಿನ್, "ಎಲ್ಲವೂ ಸೇರಿದೆ", ಇವತ್ತೇ ಮುಂಗಡ ಕೊಟ್ಟರೆ ಮಾತ್ರ ಈ ದರ ಎನ್ನುತ್ತಿದ್ದಾರೆ. ಹಡಗು ಕಂಪನಿಯ ಜಾಲತಾಣದಲ್ಲಿ ನೋಡಿದರೆ ಅಲ್ಲಿಯೂ ಅದೇ ದರವಿದೆ. ಹಾಗಿದ್ದ ಮೇಲೆ ಏಜೆಂಟ್ ಏಕೆ? ನಾವೇ ಬುಕ್ ಮಾಡಿಕೊಳ್ಳಬಾರದೇ? ಅತ್ತೆಯವರಿಗೆ ಮಂಡಿನೋವಿದೆ, ಕೋಲು ಹಿಡಿದು ನಡೆಯುತ್ತಾರೆ. ಹಡಗು ತುಂಬಾ ಅಲುಗಾಡುತ್ತದೆಯೇ ಎಂದು ಮಾವನವರು ದಿನಕ್ಕೆರಡು ಬಾರಿ ಕೇಳುತ್ತಿದ್ದಾರೆ.

ಉತ್ತರ: ಇವತ್ತು ಮುಂಗಡ ಕೊಡಬೇಡಿ. ಕ್ರೂಸ್ ದರಗಳು ದಿನದಿಂದ ದಿನಕ್ಕೆ ಏರಿಳಿಯುವುದು ನಿಜ, ಹಾಗಾಗಿ ಆ ಏಜೆಂಟ್ ಸುಳ್ಳು ಹೇಳುತ್ತಿದ್ದಾರೆ ಎನ್ನಲಾರೆ. ಆದರೆ ಹಣ ಕಟ್ಟದೆಯೇ ಒಂದೆರಡು ದಿನ ಕ್ಯಾಬಿನ್ ಕಾದಿರಿಸುವ ಅವಕಾಶವನ್ನು ಅನೇಕ ಹಡಗು ಕಂಪನಿಗಳು ಏಜೆಂಟರಿಗೆ ಕೊಟ್ಟಿರುತ್ತವೆ. "ನಾಳಿದ್ದಿನವರೆಗೆ ಹೋಲ್ಡ್ ಮಾಡಿ" ಎಂದು ಕೇಳಿ. ಕೆಲವು ರಿಯಾಯಿತಿ ದರಗಳಿಗೆ ಆ ಸೌಲಭ್ಯ ಇರುವುದಿಲ್ಲ. ಆಗುವುದಿಲ್ಲ ಎಂದರೆ ಏಕೆ ಎಂದು ಕೇಳಿ. ಉತ್ತರ ಬರುವ ಧಾಟಿಯಲ್ಲೇ ಅರ್ಧ ವಿಷಯ ತಿಳಿದುಹೋಗುತ್ತದೆ.

ನೀವು ಕಳಿಸಿದ ದರಪಟ್ಟಿಯನ್ನು ಎರಡು ಸಲ ಓದಿದೆ. ನನ್ನ ಕಣ್ಣು ನಿಂತದ್ದು ಮೇಲ್ತುದಿಯ ಒಂದು ಸಾಲಿನಲ್ಲಿ: "ವಯಸ್ಕರು 4, ಮಕ್ಕಳು 2". ಅಷ್ಟೇ. ಮಕ್ಕಳ ವಯಸ್ಸು ಎಲ್ಲಿಯೂ ಇಲ್ಲ, ಅತ್ತೆಯವರ ಮಂಡಿಯ ಸುದ್ದಿಯೂ ಇಲ್ಲ. ಹಲವು ವರ್ಷ ಮೇಜಿನ ಆ ಬದಿಯಲ್ಲಿ ಕುಳಿತು ಕ್ರೂಸ್ ಮಾರಿದವನು ನಾನು. ಏಜೆಂಟರನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಅಳತೆಗೋಲು: ದರ ಹೇಳುವ ಮುನ್ನ ಅವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳಿದರು? ಕೆಲಸ ಬಲ್ಲವರು ಕಂಪ್ಯೂಟರ್ ಮುಟ್ಟುವ ಮೊದಲು ಹದಿನೈದು ನಿಮಿಷ ನಿಮ್ಮ ತಲೆ ತಿನ್ನುತ್ತಾರೆ. ಚಿಕ್ಕವನು ಎಷ್ಟು ಗಂಟೆಗೆ ಮಲಗುತ್ತಾನೆ, ಡಯಾಪರ್ ಬಿಟ್ಟಿದ್ದಾನೆಯೇ, ಹಿರಿಯರು ಮೆಟ್ಟಿಲು ಹತ್ತುತ್ತಾರೆಯೇ, ಯಾರಿಗಾದರೂ ಹೃದಯದ ತೊಂದರೆ ಇದೆಯೇ, ಪಾಸ್‌ಪೋರ್ಟ್ ಯಾವ ತಿಂಗಳವರೆಗೆ ಊರ್ಜಿತ? ಇದಾವುದನ್ನೂ ಕೇಳದೆ ಬಂದ ದರಪಟ್ಟಿಯು ರೋಗಿಯನ್ನು ನೋಡದೆ ಬರೆದ ಔಷಧ ಚೀಟಿಯ ಹಾಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡೂ ಕಡೆ ಒಂದೇ ದರ ಇರುವುದರಲ್ಲಿ ಮೋಸವೇನೂ ಇಲ್ಲ. ಏಜೆಂಟ್‌ಗೆ ಕಮಿಷನ್ ಕೊಡುವುದು ಹಡಗು ಕಂಪನಿ. ನೀವು ನೇರವಾಗಿ ಬುಕ್ ಮಾಡಿದರೆ ಆ ಹಣ ಸಾಮಾನ್ಯವಾಗಿ ಕಂಪನಿಯಲ್ಲೇ ಉಳಿಯುತ್ತದೆಯೇ ಹೊರತು ನಿಮ್ಮ ಜೇಬಿಗೆ ಬರುವುದಿಲ್ಲ. ಕಮಿಷನ್ ಲೆಕ್ಕವಾಗುವುದು ಸಾಮಾನ್ಯವಾಗಿ ಮೂಲ ಪ್ರಯಾಣದರದ ಮೇಲೆ; ತೆರಿಗೆ, ಬಂದರು ಶುಲ್ಕಗಳ ಮೇಲೆ ಇಲ್ಲ. ಕೆಲವು ಏಜೆಂಟರು ಇದರ ಜೊತೆಗೆ ತಮ್ಮದೇ ಸೇವಾಶುಲ್ಕ ಹಾಕುತ್ತಾರೆ. ಅದು ತಪ್ಪೇನಲ್ಲ, ಆದರೆ ಮೊದಲೇ ಬರವಣಿಗೆಯಲ್ಲಿ ಹೇಳಿರಬೇಕು. ಇನ್ನೊಂದು ಒಳಗುಟ್ಟು: ಒಂದೇ ಕಂಪನಿಯ ಹಡಗುಗಳನ್ನು ಹೆಚ್ಚು ಹೆಚ್ಚು ಮಾರಿದಂತೆ ಕಮಿಷನ್‌ನ ಪಾಲೂ ಏರುವುದುಂಟು. ಆದ್ದರಿಂದ "ನೀವು ಹೆಚ್ಚಾಗಿ ಯಾವ ಕಂಪನಿಯದನ್ನು ಮಾರುತ್ತೀರಿ?" ಎಂದು ನಗುತ್ತಲೇ ಕೇಳಿಬಿಡಿ. ಒಂದೇ ಹೆಸರು ಬಂದರೆ, ನಿಮ್ಮ ಕುಟುಂಬಕ್ಕೆ ಆ ಹಡಗೇ ಏಕೆ ಎನ್ನುವುದಕ್ಕೆ ಅವರು ಕಾರಣ ಕೊಡಲಿ.

ದೊಡ್ಡ ಏಜೆನ್ಸಿಗಳು ಒಂದು ಪ್ರಯಾಣದಲ್ಲಿ ಹತ್ತಾರು ಕ್ಯಾಬಿನ್‌ಗಳನ್ನು ಗುಂಪಾಗಿ ಮೊದಲೇ ಹಿಡಿದಿಟ್ಟಿರುತ್ತವೆ. ಅಂಥವರ ಬಳಿ ಹಳೆಯ ಕಡಿಮೆ ದರವೋ ಹಡಗಿನಲ್ಲಿ ಖರ್ಚು ಮಾಡಿಕೊಳ್ಳಬಹುದಾದ ಒಂದಿಷ್ಟು ಮೊತ್ತವೋ ಸಿಗಬಹುದು. ಕೇಳಿದರೆ ನಷ್ಟವಿಲ್ಲ.

ಆದರೆ ಏಜೆಂಟ್ ಮೂಲಕ ಬುಕ್ ಮಾಡುವುದಕ್ಕೆ ಇನ್ನೊಂದು ಮುಖವಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಮ್ಮೆ ಅವರ ಮೂಲಕ ಮಾಡಿದಿರೆಂದರೆ ಆ ಬುಕಿಂಗ್ ಅವರ ಕೈಯಲ್ಲಿರುತ್ತದೆ. ಕ್ಯಾಬಿನ್ ಬದಲಿಸಬೇಕು, ದರ ಇಳಿದಿದೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎಂದು ನೀವು ಹಡಗು ಕಂಪನಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ನಿಮ್ಮ ಏಜೆಂಟರನ್ನು ಸಂಪರ್ಕಿಸಿ." ಏಜೆಂಟ್ ಚುರುಕಾಗಿದ್ದರೆ ಇದು ವರ. ಗಂಟೆಗಟ್ಟಲೆ ಫೋನ್ ಹಿಡಿದು ಕಾಯುವ ಕರ್ಮ ಅವರದು, ನಿಮ್ಮದಲ್ಲ. ಅವರು ಎರಡು ವಾರ ರಜೆ ಹಾಕಿ ಫೋನ್ ಆರಿಸಿದರೆ ಅದೇ ವರ ಶಾಪವಾಗುತ್ತದೆ. ಬುಕಿಂಗನ್ನು ಒಬ್ಬ ಏಜೆಂಟರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಗಡುವುಗಳಿವೆ, ಪೂರ್ತಿ ಹಣ ಕಟ್ಟಿದ ಮೇಲಂತೂ ಅದು ಬಹುತೇಕ ಆಗದ ಕೆಲಸ. ಹಾಗಾಗಿ ಏಜೆಂಟರನ್ನು ಆರಿಸುವಾಗ ಕೇಳಲೇಬೇಕಾದ ಪ್ರಶ್ನೆ: "ನೀವಿಲ್ಲದಾಗ ನನ್ನ ಬುಕಿಂಗ್ ನೋಡಿಕೊಳ್ಳುವವರು ಯಾರು?"

ಇನ್ನು ದರಪಟ್ಟಿಯ ಒಳಗೆ ಹೋಗೋಣ. ಎರಡು ಕ್ಯಾಬಿನ್‌ಗಳ ಮುಂದೆಯೂ "ಜಿಟಿವೈ" ಎಂಬ ಮೂರಕ್ಷರ ಇದೆ, ನೋಡಿದಿರಾ? ಅದು ಗ್ಯಾರಂಟಿ ಎನ್ನುವುದರ ಸಂಕ್ಷೇಪ. ಹೆಸರು ಕೇಳಿದರೆ ಎಂಥ ಭರವಸೆ! ಅದರ ಅರ್ಥ ಇಷ್ಟೇ: ಬಾಲ್ಕನಿ ದರ್ಜೆಯದೊಂದು ಕ್ಯಾಬಿನ್ ಖಂಡಿತ ಸಿಗುತ್ತದೆ, ಯಾವುದು, ಎಲ್ಲಿ ಎನ್ನುವುದನ್ನು ಕಂಪನಿ ತನಗೆ ಅನುಕೂಲವಾದಾಗ ನಿರ್ಧರಿಸುತ್ತದೆ. ಕೆಲವೊಮ್ಮೆ ಹೊರಡಲು ಕೆಲವೇ ದಿನ ಉಳಿದಿರುವಾಗ. ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದರೆ ಇದು ಒಳ್ಳೆಯ ವ್ಯವಹಾರ, ಅಗ್ಗ, ಅದೃಷ್ಟವಿದ್ದರೆ ಮೇಲಿನ ದರ್ಜೆಯೂ ಸಿಕ್ಕೀತು. ನಿಮ್ಮಂತೆ ಎರಡು ಕ್ಯಾಬಿನ್‌ಗಳಲ್ಲಿ ಹಂಚಿಹೋಗುವ ಕುಟುಂಬಕ್ಕೆ ಇದು ಜೂಜು. ಒಂದು ಕ್ಯಾಬಿನ್ ಎಂಟನೇ ಡೆಕ್ಕಿನ (ಅಂತಸ್ತಿನ) ಮೂತಿಯ ಹತ್ತಿರ, ಇನ್ನೊಂದು ಹನ್ನೊಂದನೇ ಡೆಕ್ಕಿನ ಬಾಲದ ಹತ್ತಿರ ಬಂದರೆ ಕೇಳುವವರಿಲ್ಲ. ಇಂದಿನ ದೊಡ್ಡ ಹಡಗುಗಳ ಉದ್ದದ ಅಂದಾಜಿಗೆ ಹೇಳುತ್ತೇನೆ: 2024ರಲ್ಲಿ ಸೇವೆಗೆ ಬಂದ ಐಕಾನ್ ಆಫ್ ದ ಸೀಸ್ ಸುಮಾರು 365 ಮೀಟರ್ ಉದ್ದವಿದೆ. ಕೋಲು ಹಿಡಿದ ಅತ್ತೆಯವರು ಮೊಮ್ಮಗನನ್ನು ನೋಡಲು ಅಂಥ ಹಡಗಿನ ಈ ತುದಿಯಿಂದ ಆ ತುದಿಗೆ ದಿನಕ್ಕೆ ನಾಲ್ಕು ಬಾರಿ ನಡೆಯುವುದನ್ನು ಯೋಚಿಸಿ.

ಆದ್ದರಿಂದ ಗ್ಯಾರಂಟಿ ಬೇಡ. ಸಂಖ್ಯೆ ನಮೂದಿಸಿದ ಕ್ಯಾಬಿನ್‌ಗಳೇ ಬೇಕು ಎನ್ನಿ. ದರ ಸ್ವಲ್ಪ ಹೆಚ್ಚಾಗುತ್ತದೆ. ಈ ಪ್ರಯಾಣದಲ್ಲಿ ಹೆಚ್ಚು ಹಣ ಕೊಡಲು ಯೋಗ್ಯವಾದ ಜಾಗ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಆರು ಜನರನ್ನು ಹೇಗೆ ಹಂಚುವುದು? ಏಜೆಂಟ್ ನಿಮ್ಮ ನಾಲ್ವರನ್ನು ಒಂದು ಕ್ಯಾಬಿನ್‌ಗೆ, ಹಿರಿಯರಿಬ್ಬರನ್ನು ಇನ್ನೊಂದಕ್ಕೆ ಹಾಕಿದ್ದಾರೆ. ಲೆಕ್ಕ ಸರಿ, ಜಾಗ ಬಿಗಿ. ಕ್ರೂಸ್ ಕ್ಯಾಬಿನ್ ಮೂಲತಃ ಇಬ್ಬರಿಗಾಗಿ ಮಾಡಿದ್ದು. ಮೂರನೆಯ, ನಾಲ್ಕನೆಯ ಹಾಸಿಗೆಗಳೆಂದರೆ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಸೋಫಾ ಅಥವಾ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುವ ಬರ್ತ್. ಒಂಬತ್ತು ವರ್ಷದವಳಿಗೆ ಆ ಏಣಿ ಹತ್ತುವುದೇ ಸಂಭ್ರಮ. ಎರಡೂವರೆಯವನಿಗೆ ಮೇಲಿನ ಬರ್ತ್ ಕೂಡದು. ಅವನಿಗೆ ತೊಟ್ಟಿಲಿನಂಥ ಮಡಚುವ ಮಂಚ ಬೇಕೆಂದು ಈಗಲೇ ಬರೆಸಬೇಕು, ಅವು ಸೀಮಿತ ಸಂಖ್ಯೆಯಲ್ಲಿರುತ್ತವೆ. ಅದನ್ನು ಹಾಕಿದ ಮೇಲೆ ನೆಲ ಎಲ್ಲಿ ಉಳಿಯುತ್ತದೆ ಎನ್ನುವುದನ್ನು ಕ್ಯಾಬಿನ್‌ನ ನಕ್ಷೆ ತರಿಸಿಕೊಂಡು ನೋಡಿ.

ಮೂರನೆಯ, ನಾಲ್ಕನೆಯ ಪ್ರಯಾಣಿಕರಿಗೆ ಮೂಲದರ ಕಡಿಮೆ ಇರುತ್ತದೆ, ಕೆಲವು ಅವಧಿಯಲ್ಲಿ ಉಚಿತವೆಂದೂ ಜಾಹೀರಾತು ಬರುತ್ತದೆ. ತೆರಿಗೆ ಮತ್ತು ಬಂದರು ಶುಲ್ಕ ಮಾತ್ರ ಅವರ ಮೇಲೂ ಬೀಳುತ್ತದೆ. ಮತ್ತೊಂದು ವಿಚಿತ್ರ ನೋಡಿ. ಕ್ಯಾಬಿನ್ ಖಾಲಿ ಇದ್ದು, ಅದರಲ್ಲಿ ನಾಲ್ಕು ಹಾಸಿಗೆ ಇದ್ದರೂ "ನಾಲ್ವರಿಗೆ ಆಗುವುದಿಲ್ಲ, ಮೂವರಿಗೆ ಮಾತ್ರ" ಎಂದು ಗಣಕ ಹಟ ಹಿಡಿಯುವುದುಂಟು. ಹಡಗಿನ ಆ ಭಾಗಕ್ಕೆ ಗೊತ್ತುಪಡಿಸಿದ ಲೈಫ್‌ಬೋಟುಗಳ ಲೆಕ್ಕ ಮುಗಿದಿರುವುದು ಇದಕ್ಕೆ ಕಾರಣ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರೂಪುಗೊಂಡ ಸಮುದ್ರ ಸುರಕ್ಷತಾ ಒಪ್ಪಂದ ಸೋಲಾಸ್, ಇವತ್ತಿಗೂ ನಿಮ್ಮ ಬುಕಿಂಗ್ ಪರದೆಯ ಮೇಲೆ ಹೀಗೆ ಇಣುಕುತ್ತದೆ. ರಜಾ ಕಾಲದಲ್ಲಿ ನಾಲ್ವರ ಕ್ಯಾಬಿನ್‌ಗಳು ಮೊದಲು ಮುಗಿಯುತ್ತವೆ. ಕುಟುಂಬಗಳು ಬೇಗ ಬುಕ್ ಮಾಡಬೇಕು ಎನ್ನುವುದು ಇದಕ್ಕೇ.

ನನ್ನನ್ನು ಕೇಳಿದರೆ ನಡುವೆ ಬಾಗಿಲಿರುವ ಎರಡು ಕನೆಕ್ಟಿಂಗ್ ಕ್ಯಾಬಿನ್‌ಗಳನ್ನು ಹುಡುಕಿಸಿ, ಮೂವರು-ಮೂವರಾಗಿ ಹಂಚಿಕೊಳ್ಳಿ. ಮಗಳು ಅಜ್ಜಿ-ತಾತನ ಜೊತೆ, ಚಿಕ್ಕವನು ನಿಮ್ಮ ಜೊತೆ. ಸ್ನಾನದ ಮನೆ ಎರಡಾಗುತ್ತವೆ. ಆರು ಜನರ ಬೆಳಗಿನಲ್ಲಿ ಅದರ ಬೆಲೆ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳಿರುವ ಪ್ರತಿ ಕ್ಯಾಬಿನ್‌ನಲ್ಲಿಯೂ ಒಬ್ಬ ವಯಸ್ಕರ ಹೆಸರಿರಬೇಕೆಂಬ ನಿಯಮ ಸಾಮಾನ್ಯ, ಈ ಹಂಚಿಕೆಯಲ್ಲಿ ಅದೂ ಈಡೇರುತ್ತದೆ. ಅಕ್ಕಪಕ್ಕದ ಕ್ಯಾಬಿನ್‌ಗಳಿಗೆ ಇನ್ನೊಂದು ಅನುಕೂಲವಿದೆ. ತುರ್ತು ಸಂದರ್ಭದಲ್ಲಿ ಸೇರಬೇಕಾದ ಜಾಗ ಕ್ಯಾಬಿನ್‌ಗೆ ತಕ್ಕಂತೆ ಗೊತ್ತಾಗುತ್ತದೆ. ದೂರದೂರದ ಕ್ಯಾಬಿನ್‌ಗಳಾದರೆ ಹಿರಿಯರಿಗೊಂದು ಜಾಗ, ನಿಮಗೊಂದು ಜಾಗ ಬರಬಹುದು. 2012ರ ಜನವರಿ 13ರಂದು ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಸುರಕ್ಷತಾ ಅಭ್ಯಾಸವೇ ಆಗಿರಲಿಲ್ಲ. ಆಗ ಅದನ್ನು 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಎಲ್ಲರೂ ಈಜುಕೊಳದ ಕಡೆ ಓಡುತ್ತಿದ್ದರೂ ನೀವು ಆರೂ ಜನ ಒಮ್ಮೆ ಆ ಜಾಗಕ್ಕೆ ನಡೆದು ನೋಡಿ ಬನ್ನಿ.

ಬಾಲ್ಕನಿ ಬೇಕೇ? ಚಿಕ್ಕ ಮಗುವಿದ್ದರೆ ಅಪಾಯವಲ್ಲವೇ ಎಂದು ಹಲವರು ಕೇಳುತ್ತಾರೆ. ಬಾಗಿಲಿನ ಚಿಲಕ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ, ಆದರೂ ಕುರ್ಚಿಯನ್ನು ಕಟಕಟೆಯ ಬಳಿ ಬಿಡಬಾರದು, ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬಾರದು. ಇಷ್ಟು ಎಚ್ಚರವಿದ್ದರೆ ಬಾಲ್ಕನಿ ನಿಮ್ಮ ಪಾಲಿಗೆ ಐಷಾರಾಮಕ್ಕಿಂತ ಹೆಚ್ಚಾಗಿ ಒಂದು ಹೆಚ್ಚುವರಿ ಕೋಣೆ. ರಾತ್ರಿ ಎಂಟಕ್ಕೆ ಮಗ ಮಲಗಿದ ಮೇಲೆ ದೀಪ ಆರಿಸಿದ ಕ್ಯಾಬಿನ್‌ನಲ್ಲಿ ಗಂಡ ಹೆಂಡತಿ ಕತ್ತಲಲ್ಲಿ ಪಿಸುಗುಟ್ಟುತ್ತಾ ಕೂರಬೇಕಾಗುತ್ತದೆ. ಬಾಲ್ಕನಿ ಇದ್ದರೆ ಬಾಗಿಲೆಳೆದುಕೊಂಡು ಹೊರಗೆ ಕೂರಬಹುದು. ಖರ್ಚು ಇಳಿಸಬೇಕೆಂದರೆ ಒಂದು ಬಾಲ್ಕನಿ, ಅದರ ಎದುರಿಗೇ ಓಣಿಯಾಚೆ ಕಿಟಕಿಯಿಲ್ಲದ ಒಳ ಕ್ಯಾಬಿನ್ ತೆಗೆದುಕೊಳ್ಳುವ ಉಪಾಯವಿದೆ. ಒಳ ಕ್ಯಾಬಿನ್‌ನ ಗಾಢ ಕತ್ತಲಲ್ಲಿ ಮಕ್ಕಳು ಬೆಳಗ್ಗೆ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಸಂಖ್ಯೆ ಗೊತ್ತಾದ ಮೇಲೆ ಡೆಕ್ ನಕ್ಷೆಯಲ್ಲಿ ಮೇಲಿನ ಮತ್ತು ಕೆಳಗಿನ ಅಂತಸ್ತನ್ನು ಮರೆಯದೆ ನೋಡಿ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ನಸುಕಿನಲ್ಲಿ ಕುರ್ಚಿ ಎಳೆಯುವ ಸದ್ದಿಗೆ ಏಳುತ್ತೀರಿ. ಮೇಲೆ, ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಜಾಗ ಒಳ್ಳೆಯದು, ಲಿಫ್ಟಿಗೆ ಹತ್ತಿರ, ಆದರೆ ಅದರ ಬಾಗಿಲಿಗೆ ಎದುರಲ್ಲ.

ಈಗ ಚಿಕ್ಕವನ ವಿಷಯ. ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕು. ದರಪಟ್ಟಿಯಲ್ಲಿ "ಮಕ್ಕಳ ಕ್ಲಬ್ ಉಚಿತ" ಎಂದಿದೆ. ಬಹುತೇಕ ಹಡಗುಗಳಲ್ಲಿ ಆ ಕ್ಲಬ್ಬಿಗೆ ಮೂರು ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ ಇದ್ದರೆ ಅದು ಕೆಲವೇ ಹಡಗುಗಳಲ್ಲಿ, ಸಾಮಾನ್ಯವಾಗಿ ಗಂಟೆಯ ಲೆಕ್ಕದ ಶುಲ್ಕಕ್ಕೆ. ಈಜುಕೊಳಕ್ಕೂ ಡಯಾಪರ್ ತೊಟ್ಟ ಮಕ್ಕಳನ್ನು, ಅದು ಈಜಿನ ಡಯಾಪರೇ ಆಗಿದ್ದರೂ, ಬಿಡುವುದಿಲ್ಲ. ಎಳೆಯರಿಗೆಂದೇ ಮಾಡಿದ ನೀರಾಟದ ಜಾಗ ಕೆಲವು ಹಡಗುಗಳಲ್ಲಿ ಮಾತ್ರ ಇರುತ್ತದೆ. ಅಂದರೆ ಅಕ್ಕ ಕ್ಲಬ್ಬಿನಲ್ಲಿ ಹೊಸ ಗೆಳತಿಯರ ಜೊತೆ ಮುಳುಗಿಹೋಗಿರುವಾಗ, ತಮ್ಮ ಈಜುಕೊಳದ ಅಂಚಿನಲ್ಲಿ ನಿಂತು ಅಳುತ್ತಿರುತ್ತಾನೆ, ಅವನ ಕೈ ಹಿಡಿದು ನೀವು ನಿಂತಿರುತ್ತೀರಿ. ದಿನಾಂಕ ಸಡಿಲವಾಗಿದ್ದರೆ ಅವನಿಗೆ ಮೂರು ತುಂಬಿದ ಮೇಲೆ ಹೋಗಿ. ಆರೇ ತಿಂಗಳ ಅಂತರದಲ್ಲಿ ಅದು ಬೇರೆಯದೇ ಪ್ರವಾಸವಾಗುತ್ತದೆ. ದಿನಾಂಕ ಬದಲಿಸಲಾಗದಿದ್ದರೆ ನರ್ಸರಿ ಮತ್ತು ಎಳೆಯರ ನೀರಾಟದ ಜಾಗ ಎರಡೂ ಇರುವ ಹಡಗನ್ನೇ ತೋರಿಸಿ ಎಂದು ಏಜೆಂಟ್‌ಗೆ ಹೇಳಿ. ಇಂಥದ್ದನ್ನು ಹುಡುಕಿಕೊಡುವುದಕ್ಕೇ ಅವರಿರುವುದು.

ವಯಸ್ಸು ಕೇಳದಿರುವುದನ್ನು ನಾನು ಇಷ್ಟು ದೊಡ್ಡದು ಮಾಡುತ್ತಿರುವುದಕ್ಕೆ ನನ್ನದೇ ತಪ್ಪು ಕಾರಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ "ಒಂದು ಕೈಗೂಸು" ಎಂದು ಬರೆದುಕೊಂಡು ಒಂದು ಕುಟುಂಬಕ್ಕೆ ಬುಕ್ ಮಾಡಿದ್ದೆ. ಹಡಗು ಹತ್ತುವ ದಿನ ಆ ಮಗುವಿಗೆ ಆರು ತಿಂಗಳು ತುಂಬಲು ಒಂಬತ್ತು ದಿನ ಉಳಿದಿತ್ತು. ಆರು ತಿಂಗಳಿಗಿಂತ ಚಿಕ್ಕ ಮಕ್ಕಳನ್ನು ಹೆಚ್ಚಿನ ಕಂಪನಿಗಳು ಹತ್ತಿಸುವುದಿಲ್ಲ. ದಿನಗಟ್ಟಲೆ ದಡ ಕಾಣದ ದೀರ್ಘ ಪ್ರಯಾಣಗಳಿಗೆ ಹನ್ನೆರಡು ತಿಂಗಳು ಆಗಿರಬೇಕು. ಪೂರ್ತಿ ಹಣ ಕಟ್ಟಿಸುವ ಮೊದಲು ಹಿರಿಯ ಸಹೋದ್ಯೋಗಿಯೊಬ್ಬರು ಕಾಗದ ನೋಡುತ್ತಾ "ಕೂಸು ಹುಟ್ಟಿದ್ದು ಯಾವತ್ತು?" ಎಂದು ಕೇಳಿದ್ದರಿಂದ ನಾನೂ ಬಚಾವಾದೆ, ಆ ಕುಟುಂಬವೂ ಬಚಾವಾಯಿತು. ಗರ್ಭಿಣಿಯರ ವಿಷಯದಲ್ಲೂ ಹೀಗೆಯೇ: ಪ್ರಯಾಣ ಮುಗಿಯುವುದರೊಳಗೆ 24ನೇ ವಾರಕ್ಕೆ ಕಾಲಿಡುವವರನ್ನು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ನಿಮಗೆ ಇದು ಬೇಕಾಗಲಿಕ್ಕಿಲ್ಲ, ಓದುವ ಬೇರೆಯವರಿಗೆ ಬೇಕಾಗಬಹುದು.

ಅತ್ತೆಯವರ ಮಂಡಿ. ದರಪಟ್ಟಿಯ ಪ್ರಯಾಣ ವಿವರದಲ್ಲಿ ನಾಲ್ಕು ಬಂದರುಗಳಿವೆ, ಅವುಗಳಲ್ಲಿ ಎರಡರ ಪಕ್ಕ "ಟೆಂಡರ್" ಎಂದು ಸಣ್ಣ ಅಕ್ಷರದಲ್ಲಿದೆ. ಬಂದರು ಆಳವಿಲ್ಲದಿದ್ದರೆ ಅಥವಾ ಹಡಗಿಗೆ ತಕ್ಕ ಕಟ್ಟೆ ಇಲ್ಲದಿದ್ದರೆ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗುತ್ತಾರೆ. ಆ ದೋಣಿಯೇ ಟೆಂಡರ್. ನಾನು ಅದರ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತು ನೋಡಿದ್ದೇನೆ. ಹಡಗಿನ ಕೆಳಡೆಕ್ಕಿನಲ್ಲಿ ಒಂದು ದಿಡ್ಡಿ, ಅದರಾಚೆ ಪುಟ್ಟ ವೇದಿಕೆ, ಅದರ ಪಕ್ಕದಲ್ಲಿ ಮೇಲೆ ಕೆಳಗೆ ಏರಿಳಿಯುವ ದೋಣಿ. ದೋಣಿಯ ಅಂಚು ಒಮ್ಮೆ ಪಾದದ ಸಮಕ್ಕೆ ಬರುತ್ತದೆ, ಮರುಕ್ಷಣ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಎರಡೂ ಬದಿಯಲ್ಲಿ ನಾವಿಕರು ಮೊಣಕೈ ಹಿಡಿದು, ಅಲೆ ಏರುವುದನ್ನೇ ಕಾದು "ಈಗ" ಎನ್ನುತ್ತಾರೆ. ಆ ಒಂದು ಕ್ಷಣದಲ್ಲಿ ಹೆಜ್ಜೆ ಎತ್ತಿ ಇಡಬೇಕು. ಕೋಲು ಹಿಡಿದವರಿಗೆ ಆಗದ ಕೆಲಸವೇನಲ್ಲ, ಆದರೆ ಮಂಡಿ ಮಡಚಲು ಹೆದರುವವರು ಅಲ್ಲಿ ಹಿಂಜರಿದು ನಿಂತುಬಿಡುತ್ತಾರೆ. ಗಾಲಿಕುರ್ಚಿಯಲ್ಲಿ ಇರುವವರನ್ನು ಸಮುದ್ರ ಒರಟಾಗಿದ್ದರೆ ಹತ್ತಿಸಿಕೊಳ್ಳುವುದೇ ಇಲ್ಲ. ನಾಲ್ಕರಲ್ಲಿ ಎರಡು ದಿನ ಅತ್ತೆಯವರು ಹಡಗಿನಲ್ಲೇ ಉಳಿಯಬೇಕಾದರೆ ಅದು ಅವರಿಗೆ ಒಪ್ಪಿಗೆಯೇ ಎಂದು ಅವರನ್ನೇ ಕೇಳಿ. ಖಾಲಿಯಾದ ಹಡಗಿನಲ್ಲಿ ಸದ್ದಿಲ್ಲದೆ ಒಂದು ದಿನ ಕಳೆಯುವುದು ಕೆಲವು ಹಿರಿಯರಿಗೆ ಪ್ರವಾಸದ ಅತಿ ಸುಖದ ದಿನವಾಗಿರುವುದನ್ನೂ ಕಂಡಿದ್ದೇನೆ. ಒಪ್ಪಿಗೆಯಿಲ್ಲದಿದ್ದರೆ ಎಲ್ಲ ಬಂದರುಗಳಲ್ಲಿಯೂ ಕಟ್ಟೆಗೇ ತಾಗುವ ಬೇರೆ ಪ್ರಯಾಣ ಕೇಳಿ. ಬಂದರಿನಿಂದ ಹಡಗಿನವರೆಗೆ ಗಾಲಿಕುರ್ಚಿಯ ನೆರವು ಬೇಕೆಂದು ಬುಕಿಂಗ್‌ನಲ್ಲೇ ಬರೆಸಿ. ಹತ್ತುವ ದಿನದ ಸಾಲು ಉದ್ದವಿರುತ್ತದೆ.

"ಎಲ್ಲವೂ ಸೇರಿದೆ" ಎನ್ನುವ ಮಾತಿಗೆ ಬರೋಣ. ಸಾಮಾನ್ಯ ದರದಲ್ಲಿ ಕ್ಯಾಬಿನ್, ಮುಖ್ಯ ಭೋಜನಶಾಲೆ ಮತ್ತು ಬಫೆಯ ಊಟ, ರಂಗಮಂದಿರದ ಕಾರ್ಯಕ್ರಮಗಳು, ಈಜುಕೊಳ, ಮಕ್ಕಳ ಕ್ಲಬ್ ಸೇರಿರುತ್ತವೆ. ಮದ್ಯ, ಹೆಚ್ಚಿನ ತಂಪು ಪಾನೀಯಗಳು, ವಿಶೇಷ ರೆಸ್ಟೋರೆಂಟುಗಳು, ವೈಫೈ, ದಡದ ಪ್ರವಾಸಗಳು, ಸ್ಪಾ, ಅವರು ತೆಗೆಯುವ ಫೋಟೋ, ಬಟ್ಟೆ ಒಗೆತ ಇವೆಲ್ಲ ಸಾಮಾನ್ಯವಾಗಿ ಬೇರೆ. ಎಲ್ಲರೂ ಮರೆಯುವುದು ಟಿಪ್ಸ್. ಅನೇಕ ಕಂಪನಿಗಳು ಅದನ್ನು ತಲೆಗಿಷ್ಟು, ರಾತ್ರಿಗಿಷ್ಟು ಎಂದು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ತೀರಾ ಎಳೆಯರನ್ನು ಕೆಲವು ಕಂಪನಿಗಳು ಬಿಡುತ್ತವೆ, ಉಳಿದ ಮಕ್ಕಳ ತಲೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮದು ಆರು ತಲೆ, ಏಳು ರಾತ್ರಿ: 42 ಬಾರಿ. ಒಂದು ಸಣ್ಣ ಮೊತ್ತವನ್ನು 42ರಿಂದ ಗುಣಿಸಿದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಮದ್ಯದ ಪ್ಯಾಕೇಜ್ ಒಬ್ಬರಿಗೆ ಬೇಕೆಂದರೆ ಅದೇ ಕ್ಯಾಬಿನ್‌ನ ಎಲ್ಲ ವಯಸ್ಕರೂ ಕೊಳ್ಳಬೇಕೆಂಬ ನಿಯಮವೂ ಹಲವೆಡೆ ಇದೆ. ಏಜೆಂಟ್‌ಗೆ ನೀವು ಕೇಳಬೇಕಾದ್ದು ಒಂದೇ: ನಮ್ಮ ಮನೆ ಬಾಗಿಲಿನಿಂದ ಹೊರಟು ಮನೆ ಬಾಗಿಲಿಗೆ ಮರಳುವವರೆಗೆ, ಟಿಪ್ಸ್, ವಿಮಾನ, ಹಿಂದಿನ ರಾತ್ರಿಯ ಹೋಟೆಲ್, ವೀಸಾ, ವಿಮೆ ಎಲ್ಲ ಹಿಡಿದು ಮೊತ್ತ ಎಷ್ಟು? ಅಂದಹಾಗೆ, ದಡ ಬಿಡುತ್ತಿದ್ದಂತೆ ಎಲ್ಲರ ಮೊಬೈಲನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ನಡುಸಮುದ್ರದಲ್ಲಿ ಹಡಗಿನ ಉಪಗ್ರಹ ಜಾಲ ಹಿಡಿದುಕೊಂಡ ಫೋನು ನಿಮಗೆ ತಿಳಿಯದಂತೆ ಬಿಲ್ ಬೆಳೆಸುತ್ತಿರುತ್ತದೆ.

ಹಿಂದಿನ ರಾತ್ರಿಯ ಹೋಟೆಲ್ ಎಂದೆನಲ್ಲ, ಅದು ಐಚ್ಛಿಕವಲ್ಲ. ವಿಮಾನದಲ್ಲಿ ಹೋಗಿ ಹಡಗು ಹತ್ತುವವರು ಒಂದು ದಿನ ಮೊದಲೇ ಬಂದರಿನ ಊರು ಸೇರಿರಬೇಕು. ನಿಮ್ಮ ದರಪಟ್ಟಿಯಲ್ಲಿ ಬೆಳಗ್ಗೆ ಇಳಿದು ಮಧ್ಯಾಹ್ನ ಹತ್ತುವ ಯೋಜನೆ ಇದೆ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಹಣ ಮತ್ತು ಕಾಗದದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ವಿವೇಚನೆಗಿಂತ ಶಿಸ್ತು ಮುಖ್ಯ. ಮುಂಗಡ ಮರಳಿ ಸಿಗುವಂಥದ್ದೋ ಅಲ್ಲವೋ ಎಂದು ಕೇಳಿ. ಅಗ್ಗದ ದರಗಳಲ್ಲಿ ಬಹಳಷ್ಟು ಮರಳುವುದಿಲ್ಲ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ ಎರಡೂವರೆ ತಿಂಗಳಿಂದ ನಾಲ್ಕು ತಿಂಗಳ ಮೊದಲು ಬರುತ್ತದೆ. ಆ ಗಡುವಿನೊಳಗೆ ದರ ಇಳಿದರೆ ಎಷ್ಟೋ ಸಲ ಹೊಸ ದರಕ್ಕೆ ಬದಲಿಸಿಕೊಳ್ಳಬಹುದು, ಅದನ್ನು ಗಮನಿಸುತ್ತಿರುವ ಹೊಣೆ ತಮ್ಮದೆಂದು ಏಜೆಂಟ್ ಒಪ್ಪಲಿ. ಗಡುವು ದಾಟಿದ ಮೇಲೆ ರದ್ದತಿಯ ದಂಡ ಹಂತಹಂತವಾಗಿ ಏರಿ ಕೊನೆಗೆ ಪೂರ್ತಿ ಮೊತ್ತವನ್ನೇ ನುಂಗುತ್ತದೆ. ಮುಂಗಡ ಕೊಟ್ಟ ದಿನವೇ ಹಡಗು ಕಂಪನಿಯ ಬುಕಿಂಗ್ ಸಂಖ್ಯೆ ಪಡೆದು, ಕಂಪನಿಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಆರೂ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಲ್ಲಿ ಕಾಣಬೇಕು. ಏಜೆನ್ಸಿಯ ಸ್ವಂತ ರಸೀದಿ ಇದಕ್ಕೆ ಬದಲಿಯಲ್ಲ. ಪಾಸ್‌ಪೋರ್ಟ್ ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಊರ್ಜಿತವಿರಲಿ. ಹಡಗು ಮುಟ್ಟುವ ಪ್ರತಿ ದೇಶದ ವೀಸಾ ನಿಯಮವನ್ನು ಬೇರೆಬೇರೆಯಾಗಿ ನೋಡಬೇಕು. ನೀವು ದಡಕ್ಕೆ ಇಳಿಯದಿದ್ದರೂ ಕೆಲವು ಕಡೆ ವೀಸಾ ಬೇಕಾಗುತ್ತದೆ. ಒಂದು ದೇಶದ ಗಡಿ ಬಿಟ್ಟು ಮತ್ತೆ ಅಲ್ಲಿಗೇ ಮರಳುವ ಮಾರ್ಗವಾದರೆ ಒಂದೇ ಪ್ರವೇಶದ ವೀಸಾ ಸಾಲದು.

ವಿಮೆಯನ್ನು ಮಾತ್ರ ಉಳಿತಾಯದ ಬಾಬತ್ತೆಂದು ನೋಡಬೇಡಿ. ಹಡಗಿನ ಆಸ್ಪತ್ರೆಯ ಬಿಲ್ ನೀವೇ ಕಟ್ಟಬೇಕು, ಊರಿನಲ್ಲಿರುವ ಆರೋಗ್ಯ ವಿಮೆ ಅಲ್ಲಿ ನಡೆಯುವುದು ಅಪರೂಪ, ಸಮುದ್ರದಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ವೆಚ್ಚ ಕೈಗೆಟುಕುವಂಥದ್ದಲ್ಲ. ಅತ್ತೆ, ಮಾವನವರ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ. ಹಳೆಯ ಕಾಯಿಲೆಯನ್ನೂ ಒಳಗೊಳ್ಳುವ ಕೆಲವು ಪಾಲಿಸಿಗಳನ್ನು ಮುಂಗಡ ಕೊಟ್ಟ ಕೆಲವೇ ದಿನಗಳಲ್ಲಿ ಕೊಳ್ಳಬೇಕೆಂಬ ಷರತ್ತಿರುತ್ತದೆ. ಟಿಕೆಟಿನ ಕರಾರನ್ನೂ ಒಮ್ಮೆ ಓದಿ: ಹವಾಮಾನದ ಕಾರಣಕ್ಕೆ ಬಂದರೊಂದನ್ನು ಬಿಟ್ಟು ಮುಂದೆ ಹೋಗುವ ಹಕ್ಕು ಕಂಪನಿಗಿದೆ, ಆಗ ಹೆಚ್ಚೆಂದರೆ ಆ ಬಂದರಿನ ಶುಲ್ಕ ಮರಳಿ ಬಂದೀತು.

ಹಾಗಾದರೆ ಏಜೆಂಟೋ, ನೇರವೋ? ಒಮ್ಮೆ ಹೋಗಿ ಬಂದವರು, ಇಬ್ಬರೇ ಇರುವವರು, ದಿನಕ್ಕೆ ನಾಲ್ಕು ಬಾರಿ ದರ ನೋಡಿ ಸಂತೋಷಪಡುವ ಸ್ವಭಾವದವರು ನೇರವಾಗಿಯೇ ಮಾಡಿಕೊಳ್ಳಲಿ. ಮೂರು ತಲೆಮಾರು, ಎರಡು ಕ್ಯಾಬಿನ್, ಒಂದು ಕೋಲು, ಒಂದು ಡಯಾಪರ್ ಇರುವ ನಿಮ್ಮ ಮೊದಲ ಪ್ರಯಾಣಕ್ಕೆ ಏಜೆಂಟ್ ಇರುವುದೇ ಒಳ್ಳೆಯದು. ಇವರೇ ಆಗಬೇಕೇ ಎನ್ನುವುದು ನಾಳೆ ಗೊತ್ತಾಗುತ್ತದೆ. ಪತಿಯ ಪರಿಚಯದವರು, ಹೇಗೆ ಹೇಳುವುದು ಎಂಬ ದಾಕ್ಷಿಣ್ಯ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಫೋನ್ ಬೇಡ, ಬರೆದು ಕಳಿಸಿ: ಆರೂ ಜನರ ಹುಟ್ಟಿದ ದಿನಾಂಕ, ಅತ್ತೆಯವರ ಮಂಡಿ, ಮಗನ ಡಯಾಪರ್, ಕನೆಕ್ಟಿಂಗ್ ಕ್ಯಾಬಿನ್ ಬೇಕು, ಗ್ಯಾರಂಟಿ ಬೇಡ, ಟೆಂಡರ್ ಇಲ್ಲದ ಮಾರ್ಗವಿದೆಯೇ, ಪೂರ್ತಿ ಮೊತ್ತ ಎಷ್ಟು. ಅವರು ಮರುಪ್ರಶ್ನೆಗಳೊಂದಿಗೆ ಉತ್ತರಿಸಿದರೆ ಧೈರ್ಯವಾಗಿ ಮುಂಗಡ ಕೊಡಿ, ಮೊದಲ ದರಪಟ್ಟಿ ಅವಸರದ್ದೆಂದು ಕ್ಷಮಿಸಿಬಿಡಿ. "ಅದೆಲ್ಲ ಹಡಗಿನಲ್ಲಿ ನೋಡಿಕೊಳ್ಳೋಣ" ಎಂದರೆ ಪತಿಯ ಸ್ನೇಹವನ್ನು ಉಳಿಸಿಕೊಂಡು ಬುಕಿಂಗನ್ನು ಬೇರೆಯವರಿಗೆ ಕೊಡಿ.

ಕೊನೆಗೆ ಮಾವನವರ ಪ್ರಶ್ನೆ. ದೊಡ್ಡ ಹಡಗುಗಳಿಗೆ ನೀರಿನಡಿಯಲ್ಲಿ ರೆಕ್ಕೆಗಳಂಥ ಸ್ಟೆಬಿಲೈಸರ್‌ಗಳಿರುತ್ತವೆ, ಅಕ್ಕಪಕ್ಕಕ್ಕೆ ಓಲಾಡುವುದನ್ನು ಅವು ಬಹಳಷ್ಟು ತಗ್ಗಿಸುತ್ತವೆ. ಮೂತಿ ಮತ್ತು ಬಾಲ ಏರಿಳಿಯುವುದು ಪೂರ್ತಿ ನಿಲ್ಲುವುದಿಲ್ಲ. ಏತದ ಹಲಗೆಯ ಮೇಲೆ ಕೂತ ಮಕ್ಕಳನ್ನು ನೆನೆಸಿಕೊಳ್ಳಿ, ತುದಿಯಲ್ಲಿರುವವರು ಹಾರುತ್ತಾರೆ, ನಡುವೆ ಕೂತವರು ಅಲುಗುವುದಿಲ್ಲ. ಹಡಗಿನ ಉದ್ದದ ನಡುಭಾಗದಲ್ಲಿ, ಬಾಲ್ಕನಿ ಸಿಗುವ ಡೆಕ್ಕುಗಳಲ್ಲಿ ಅತಿ ಕೆಳಗಿನದನ್ನು ಕೇಳಿ. ಆದರೆ ಇದನ್ನು ಮಾವನವರಿಗಾಗಿ ಹೇಳುತ್ತಿಲ್ಲ. ಪ್ರಯಾಣದ ವಾಕರಿಕೆ ವಯಸ್ಸಾದಂತೆ ಕಡಿಮೆಯಾಗುತ್ತದೆ, ಎರಡು ವರ್ಷದೊಳಗಿನವರಿಗೆ ಅಪರೂಪ, ಎರಡರಿಂದ ಹನ್ನೆರಡರ ನಡುವಿನ ಮಕ್ಕಳನ್ನೇ ಅದು ಹೆಚ್ಚು ಕಾಡುತ್ತದೆ. ಮನೆಯಲ್ಲಿ ಯಾರೂ ಚಿಂತಿಸದೆ ಬಿಟ್ಟಿರುವ ನಿಮ್ಮ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕ ಓದಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆಯೇ? ಹೌದಾದರೆ ಹೊರಡುವ ಮೊದಲು ಮಕ್ಕಳ ವೈದ್ಯರಿಂದ ಅವಳಿಗೆ ತಕ್ಕ ಮಾತ್ರೆ ಬರೆಸಿಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ, ಅವು ಕ್ಯಾಬಿನ್ ಸೇರುವಾಗ ಸಂಜೆಯಾಗಿರುತ್ತದೆ.